ಮೂಲೆಯಲ್ಲಿ ನಿಂತ ಟಗರು

ಬಕ್ರೀದ್ ಹತ್ತಿರ ಬಂದಾಗ ತಿಲಕ್ ನಗರ, ಗುರಪ್ಪನಪಾಳ್ಯದ ಕಡೆ ಓಡಾಡಿದವರು ನೋಡಿರ್ತೀರಿ, ಮಾರಾಟಕ್ಕೆ ಬಂದ ಟಗರುಗಳನ್ನ ರಸ್ತೆ ಪಕ್ಕದಲ್ಲಿ ಕಟ್ಟಿರ್ತಾರೆ. ಈ ವರ್ಷ ಅಲ್ಲಿಗೆ ಇನ್ನೊಂದು ಟಗರು ಬರಬೇಕಿತ್ತು. ಮಳವಳ್ಳಿ ತಾಲ್ಲೂಕಿನಲ್ಲಿರೋ ನಮ್ಮ ಮಾವನ ಟಗರು. ಬಂಡೂರು ತಳಿ, ಒಂದೂವರೆ ವರ್ಷ, ನೋಡೋಕೆ ಗಟ್ಟಿಮುಟ್ಟು. ಅದರ ಮೇಲಿದ್ದ ಆರೋಪ ಒಂದೇ, ಅದು ಕೆಲಸ ಮಾಡಲ್ಲ ಅನ್ನೋದು.

ಮಾವನ ಹತ್ರ ಸುಮಾರು 40 ಕುರಿ, ಒಂದು ಹಳೇ ಟಗರು ಇದ್ವು. ಹೋದ ವರ್ಷ ಮರಿ ಕಡಿಮೆ ಆಯ್ತು ಅಂತ ಸಂತೆಯಿಂದ ಈ ಹೊಸದನ್ನ ತಂದ್ರು. ಒಂದಿದ್ದದ್ದು ಎರಡಾದ್ರೆ ಮರಿಯೂ ಜಾಸ್ತಿ ಅನ್ನೋ ಲೆಕ್ಕ. ಆದ್ರೆ ಹೊಸ ಟಗರು ಹಿಂಡಿನ ಅಂಚಿನಲ್ಲೇ ನಿಲ್ಲೋದು. ಬೆದೆಗೆ ಬಂದ ಕುರಿ ಪಕ್ಕಕ್ಕೇ ಬಂದ್ರೂ ಮುಖ ತಿರುಗಿಸೋದು. "ಇದು ಬರೀ ಮೇವಿಗೆ ದಂಡ ಕಣವ್ವ, ಬಕ್ರೀದ್‌ಗೆ ಕೊಟ್ಬುಡ್ತೀನಿ" ಅಂದ್ರು ಮಾವ ಫೋನಲ್ಲಿ. ಮರಿ ಮಾರಿದ ದುಡ್ಡಲ್ಲೇ ಅವರ ಮನೆ ನಡೆಯೋದು, ಹಾಗಾಗಿ ಇದು ತಮಾಷೆ ವಿಷಯ ಅಲ್ಲ. ನಾನು ಓದ್ತಿರೋದು ಇಂಜಿನಿಯರಿಂಗ್. ಆದ್ರೂ ಕುತೂಹಲಕ್ಕೆ ಹುಡುಕಿ ಓದಿದೆ. (ವೃಷಣ, ವೀರ್ಯ ಅಂತೆಲ್ಲ ಕನ್ನಡದಲ್ಲಿ ಬರೀತೀಯಾ ಅಂತ ಫ್ರೆಂಡ್ಸ್ ನಕ್ಕರು. ಇದೇ ಪದಗಳನ್ನ ಇಂಗ್ಲಿಷಲ್ಲಿ ಬರೆದಿದ್ರೆ ಯಾರೂ ನಗ್ತಿರಲಿಲ್ಲ.)

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಗಂಡು ಪ್ರಾಣಿಯ ಸಂತಾನೋತ್ಪತ್ತಿ ಒಂದು ಕಂಟ್ರೋಲ್ ಸಿಸ್ಟಮ್. ಮಿದುಳಿನ ಹೈಪೋಥಾಲಮಸ್ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನನ್ನ ಬಿಡತ್ತೆ. ನಲ್ಲಿ ನೀರಿನ ಥರ ಒಂದೇ ಸಮನೆ ಅಲ್ಲ, ಪಲ್ಸ್‌ಗಳಾಗಿ. ಪ್ರತಿ ಪಲ್ಸ್‌ಗೂ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಬಿಡತ್ತೆ, ಅದು ರಕ್ತದಲ್ಲಿ ವೃಷಣಕ್ಕೆ ಹೋಗಿ ಟೆಸ್ಟೋಸ್ಟಿರಾನ್ ತಯಾರು ಮಾಡಿಸತ್ತೆ. ಟೆಸ್ಟೋಸ್ಟಿರಾನ್ ಜಾಸ್ತಿಯಾದ್ರೆ ಮಿದುಳು ಪಲ್ಸ್ ಕಡಿಮೆ ಮಾಡತ್ತೆ. ನೆಗೆಟಿವ್ ಫೀಡ್‌ಬ್ಯಾಕ್, ಅಷ್ಟೇ. ಈಗ ಇದರೊಳಗೆ ಡಿಸ್ಟರ್ಬೆನ್ಸ್ ಸೇರಿಸಿ. ಹೊಸ ಜಾಗ, ಗುದ್ದಾಟ, ಇಲ್ಲಾ ಹಿಂಡಿನಿಂದ ಬೇರೆಯಾಗಿ ಒಂಟಿಯಾಗೋದು. ಕುರಿಗೆ ಒಂಟಿತನ ಎಷ್ಟು ಕಷ್ಟ ಅಂದ್ರೆ, ಸ್ಟ್ರೆಸ್ ಬಗ್ಗೆ ಪ್ರಯೋಗ ಮಾಡೋರು ಅದನ್ನ ಸುಮ್ಮನೆ ಒಂಟಿಯಾಗಿ ನಿಲ್ಲಿಸ್ತಾರೆ, ಅಷ್ಟು ಸಾಕು. ಆಗ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಬರತ್ತೆ. ಅದು ಎಲ್‌ಎಚ್ ಪಲ್ಸ್‌ಗಳನ್ನ ಕುಗ್ಗಿಸತ್ತೆ.

ಇದರಲ್ಲಿ ದೊಡ್ಡ ತೊಂದರೆ ಇರೋದು ಡಿಲೇಯಲ್ಲಿ. ಟಗರಿನ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗೋಕೆ ಸುಮಾರು 47 ದಿನ ಬೇಕು, ಆಮೇಲೆ ಹೊರಗೆ ಬರೋ ದಾರಿಯಲ್ಲಿ ಪಕ್ವವಾಗೋಕೆ ಇನ್ನೆರಡು ವಾರ. ಹೋರಿಯಲ್ಲಿ ತಯಾರಿಗೇ ಸುಮಾರು 61 ದಿನ. ಅಂದ್ರೆ ಸಂತೆಯಿಂದ ಟೆಂಪೋದಲ್ಲಿ ತಂದು, ಗುದ್ದಾಟಕ್ಕೆ ಬಿಟ್ಟ ದಿನದ ಪರಿಣಾಮ ಎರಡು ತಿಂಗಳ ಮೇಲೂ ಕಾಣಬಹುದು. ಅಷ್ಟೊತ್ತಿಗೆ ನಾವು ಮೇವು ಸರಿಯಿಲ್ಲ, ತಳಿ ಸರಿಯಿಲ್ಲ, ದೃಷ್ಟಿ ಆಗಿದೆ ಅಂತ ಬೇರೆ ಕಾರಣ ಹುಡುಕ್ತಿರ್ತೀವಿ.

ಮಾವನ ಟಗರಿನ ವಿಷಯದಲ್ಲೂ ಕಾರ್ಟಿಸಾಲೇ ಕಾರಣ ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಅಷ್ಟು ಸುಲಭ ಇಲ್ಲ. ಟಗರುಗಳ ಮಧ್ಯೆ ಸೀನಿಯಾರಿಟಿ ಇರತ್ತೆ. ಕೆಳಗಿನ ಟಗರಿನ ಹಾರ್ಮೋನು, ವೀರ್ಯ ಎಲ್ಲ ಚೆನ್ನಾಗಿದ್ರೂ, ಸೀನಿಯರ್ ಎದುರಿಗಿದ್ರೆ ಅದು ಕುರಿಯನ್ನ ಹಾರಲ್ಲ. ಸೀನಿಯರ್ ಬೇಲಿಯಾಚೆ ನಿಂತು ನೋಡ್ತಿದ್ರೂ ಸಾಕು. ಗುದ್ದೋದೇ ಬೇಡ, ಬರೀ ನೋಟ. (ಫಸ್ಟ್ ಇಯರ್‌ನವರಿಗೆ ವಿವರಿಸಬೇಕಾಗಿಲ್ಲ ಅನ್ಸತ್ತೆ.) ಇನ್ನೂ ಮುಖ್ಯವಾದ ವಿಷಯ ಅಂದ್ರೆ, ಸೀನಿಯರ್ ಆಗಿರೋದಕ್ಕೂ ವೀರ್ಯ ಚೆನ್ನಾಗಿರೋದಕ್ಕೂ ಸಂಬಂಧ ಇಲ್ಲ. ಯಜಮಾನ ಟಗರೇ ಬಂಜೆಯಾಗಿದ್ರೆ ಅದು ಎಲ್ಲ ಕುರಿಗಳನ್ನೂ ತಾನೇ ಹಾರತ್ತೆ, ಬೇರೆಯದಕ್ಕೆ ಬಿಡಲ್ಲ, ಇಡೀ ಹಿಂಡು ಗಬ್ಬ ಕಟ್ಟದೆ ಉಳಿಯತ್ತೆ. ನೋಡೋರಿಗೆ ಮಾತ್ರ ಅದೇ ಒಳ್ಳೇ ಟಗರು.

ಜೊತೆಯವರು ಇರೋದು ಯಾವಾಗ್ಲೂ ಬ್ರೇಕ್ ಆಗಬೇಕಾಗಿಲ್ಲ, ಆಕ್ಸಲರೇಟರ್ ಕೂಡ ಆಗತ್ತೆ. ನಮ್ಮೂರಲ್ಲೇ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯ ಸಂಗ್ರಹಿಸೋ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಡೆನ್ಮಾರ್ಕ್ ನೆರವಿನಿಂದ 1969ರಲ್ಲಿ ಶುರುವಾಗಿದ್ದು. ಇಂಥ ಕೇಂದ್ರಗಳಲ್ಲಿ ಪ್ರತಿ ಹೋರಿಗೂ ಬೇರೆ ಬೇರೆ ಕೊಟ್ಟಿಗೆ, ಹಾಗಾಗಿ ಗುದ್ದಾಟ ಇಲ್ಲ. ಆದ್ರೆ ಸಂಗ್ರಹಕ್ಕೆ ಮುಂಚೆ ಇನ್ನೊಂದು ಹೋರಿ ಹಾರೋದನ್ನ ನೋಡೋಕೆ ಬಿಟ್ರೆ ನೋಡ್ತಿರೋ ಹೋರಿಗೂ ಹುರುಪು ಬರತ್ತೆ. ಅವಸರ ಮಾಡದೆ, ಒಂದೆರಡು ಸಲ ಸುಮ್ಮನೆ ಹಾರಿಸಿ ತಡೆದ್ರೆ ವೀರ್ಯಾಣುಗಳ ಸಂಖ್ಯೆ ಹೆಚ್ಚತ್ತೆ. 0.25 ಮಿಲಿಯ ಒಂದು ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು ತುಂಬಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡ್ತಾರೆ. ಒಂದು ಸಲದ ಸಂಗ್ರಹದಲ್ಲಿ ನೂರಾರು ಸ್ಟ್ರಾ. ಹೋರಿಯ ಮೂಡ್ ಕೆಟ್ರೆ ಎಷ್ಟು ಹಸುಗಳ ಲೆಕ್ಕ ಕೆಡತ್ತೆ ನೋಡಿ. ಬಿಟಿಎಂ ಪಕ್ಕದ ಆಡುಗೋಡಿಯಲ್ಲೂ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಜಾನುವಾರುಗಳ ಸಂತಾನೋತ್ಪತ್ತಿ ಬಗ್ಗೆ ಅಲ್ಲೂ ಸಂಶೋಧನೆ ನಡೆಯತ್ತೆ. ದಿನಾ ಅದೇ ರಸ್ತೆಯಲ್ಲಿ ಬಸ್ಸಲ್ಲಿ ಹೋಗ್ತಿದ್ರೂ ನಾನು ಆ ಬೋರ್ಡ್ ಓದಿದ್ದು ಈಗಲೇ.

ಮಾವನಿಗೆ ಇದನ್ನೆಲ್ಲ ಹೇಗೆ ಹೇಳೋದು ಅಂತ ನನಗೆ ಮುಜುಗರ. ಅವರಿಗೆ ಒಂಚೂರೂ ಇರಲಿಲ್ಲ. "ಅದ್ಕೇನ್ ಮಾಡ್ಬೇಕು ಹೇಳವ್ವ" ಅಂದ್ರು. ಕುರಿ ಸಾಕೋರು ಬಳಸೋ ಒಂದು ಉಪಾಯ ಓದಿದ್ದೆ, ಅದನ್ನೇ ಹೇಳಿದೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಬೇಕು, ಅದು ಹಾರಿದ ಕುರಿಯ ಬೆನ್ನ ಹಿಂಭಾಗಕ್ಕೆ ಬಣ್ಣ ಅಂಟತ್ತೆ. ಹಳೇದಕ್ಕೆ ಕೆಂಪು, ಹೊಸದಕ್ಕೆ ನೀಲಿ. ಡೇಟಾ ಲಾಗಿಂಗ್ ಅನ್ನಿ.

ಎರಡೂ ಒಟ್ಟಿಗಿದ್ದ ವಾರದಲ್ಲಿ 9 ಕುರಿಗೆ ಕೆಂಪು, ನೀಲಿ ಸೊನ್ನೆ. ಆಮೇಲೆ ಹೊಸ ಟಗರನ್ನ ಬೇರೆ 12 ಕುರಿಗಳ ಜೊತೆ ಮನೆ ಹಿಂದಿನ ಕೊಟ್ಟಿಗೆಗೆ ಹಾಕಿದ್ರು, ಹಳೇದು ಕಣ್ಣಿಗೇ ಬೀಳದ ಹಾಗೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಅತ್ತೆ ವಾಟ್ಸಾಪಲ್ಲಿ ಫೋಟೋ ಕಳಿಸಿದ್ರು, ನೀಲಿ ಬೆನ್ನಿನ ಕುರಿ! ವಾರದೊಳಗೆ 5 ಆಯ್ತು.

ಗಬ್ಬ ಕಟ್ಟದಿದ್ರೆ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರತ್ತೆ. ಅದಕ್ಕೇ ಮತ್ತೆ ಬಣ್ಣ ಹಚ್ಚಿ ಕಾದ್ವಿ. ಕೆಂಪು ಗುರುತಿದ್ದ 9ರಲ್ಲಿ 7 ತಿರುಗಿ ಬಂದ್ವು. ನೀಲಿ 5ರಲ್ಲಿ ಒಂದು. ಇಷ್ಟು ಸಣ್ಣ ಸ್ಯಾಂಪಲ್‌ನಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ ಅಂತ ನನಗೂ ಗೊತ್ತು. ಮಾವನಿಗೆ ಮಾತ್ರ ಅಷ್ಟು ಸಾಕಾಯ್ತು, ಪಶುವೈದ್ಯರನ್ನ ಕರೆಸಿದ್ರು. ಹಳೇ ಟಗರಿನ ಒಂದು ವೃಷಣ ಸಣ್ಣದಾಗಿ ಗಟ್ಟಿಯಾಗಿದೆ, ಇದನ್ನ ಹಿಂಡಿನಲ್ಲಿ ಬಿಡಬೇಡಿ ಅಂದ್ರಂತೆ.

ಬಕ್ರೀದ್‌ಗೆ ಹೊಸ ಟಗರು ಬೆಂಗಳೂರಿಗೆ ಬರಲಿಲ್ಲ. ಕುರಿಯ ಗಬ್ಬ ಸುಮಾರು 150 ದಿನ, ಅಂದ್ರೆ ನಮ್ಮ ಸೆಮ್ ಪರೀಕ್ಷೆ ಮುಗಿಯೋ ಹೊತ್ತಿಗೆ ನೀಲಿ ಕುರಿಗಳು ಮರಿ ಹಾಕಬೇಕು. ರಜೆಗೆ ಊರಿಗೆ ಹೋಗಿ ಎಣಿಸ್ತೀನಿ.