ಹಳೆಯ ಕಾರಿನ ಎ.ಸಿ.: ಗ್ಯಾಸ್ ತುಂಬಿಸುವ ಮುನ್ನ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದವರು ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಬೇಲೂರಿಗೂ ಹೋಗುವ ದಾರಿ ಬಯಲುಸೀಮೆಯ ತೆಂಗಿನ ತೋಟಗಳ ನಡುವೆ ಆರಂಭವಾಗಿ ಮಲೆನಾಡಿನ ಸೆರಗಿನಲ್ಲಿ ಮುಗಿಯುತ್ತದೆ. ಈ ಎರಡು ಊರುಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕಾರಿನ ಎ.ಸಿ.ಯ ಮಟ್ಟಿಗೆ ಹೇಳುವುದಾದರೆ ಈ ದಾರಿಯಲ್ಲಿ ಅದಕ್ಕೆ ಎರಡು ಬಗೆಯ ಪರೀಕ್ಷೆ ಎದುರಾಗುತ್ತದೆ: ಬೇಸಿಗೆಯಲ್ಲಿ ಅರಸೀಕೆರೆಯ ಕಡೆ ಬಿಸಿಲು ಮತ್ತು ದೂಳು, ಮಳೆಗಾಲದಲ್ಲಿ ಬೇಲೂರಿನಿಂದಾಚೆಗೆ ತೇವ ಮತ್ತು ಮಂಜು. ಇಂಡಿಕಾ, ಕ್ವಾಲಿಸ್, ಮಾರುತಿ 800ರಂತಹ ಹಳೆಯ ವಾಹನಗಳಲ್ಲಿ ತಂಪು ಕಡಿಮೆಯಾದೊಡನೆ ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ ಎಂಬ ಮಾತು ಕೇಳಿಬರುವುದು ಸಾಮಾನ್ಯ. ಅನೇಕ ವೇಳೆ ಅದು ಆತುರದ ತೀರ್ಮಾನವಾಗಿರುತ್ತದೆ ಮತ್ತು ಅದರ ಖರ್ಚು ಬಾಡಿಗೆಯ ದುಡಿಮೆಯಲ್ಲಿ ಬದುಕುವ ಚಾಲಕರ ಜೇಬಿನಿಂದಲೇ ಹೋಗುತ್ತದೆ.

ಎ.ಸಿ.ಯ ಕೆಲಸವೆಂದರೆ ಕಾರಿನೊಳಗಿನ ಶಾಖವನ್ನು ಹೊತ್ತು ಹೊರಹಾಕುವುದು. ಈಗ ಬಳಕೆಯಲ್ಲಿರುವ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಅನಿಲವಾಗಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಬಿಸಿಯನ್ನು ಗಾಳಿಗೆ ಬಿಟ್ಟು ಅನಿಲವನ್ನು ದ್ರವವಾಗಿಸುತ್ತದೆ. ಆ ದ್ರವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿಗೆ ನುಗ್ಗಿ, ಅಲ್ಲಿ ಕುದಿಯುತ್ತ ಒಳಗಿನ ಗಾಳಿಯ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಇದು ಮುಚ್ಚಿದ ವರ್ತುಲವಾದ್ದರಿಂದ ಪೆಟ್ರೋಲಿನಂತೆ ಗ್ಯಾಸ್ ಉರಿದು ಮುಗಿಯುವುದಿಲ್ಲ. ಹಳೆಯ ರಬ್ಬರ್ ಹೋಸುಗಳಿಂದ ವರ್ಷಗಳ ಅವಧಿಯಲ್ಲಿ ಸ್ವಲ್ಪ ಜಿನುಗುವುದು ಸಹಜವೇ ಆದರೂ ಒಂದು ಬೇಸಿಗೆಯಲ್ಲಿ ತುಂಬಿಸಿದ್ದು ಮುಂದಿನ ಬೇಸಿಗೆಗೆ ಇಲ್ಲವಾಗಿದ್ದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ.

ಆದ್ದರಿಂದ ತಂಪು ಯಾವಾಗ ಕಡಿಮೆಯಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ರಸ್ತೆಯಲ್ಲಿ ಓಡುವಾಗ ತಂಪಾಗಿದ್ದು, ಹಳೇಬೀಡಿನ ವಾಹನ ನಿಲುಗಡೆಯಲ್ಲಿ ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದಾಗ ಬಿಸಿಗಾಳಿ ಬರತೊಡಗಿದರೆ ಸಂಶಯ ಹೋಗಬೇಕಾದದ್ದು ಕಂಡೆನ್ಸರಿನ ಕಡೆಗೆ, ಏಕೆಂದರೆ ನಿಂತ ಕಾರಿನಲ್ಲಿ ಅದಕ್ಕೆ ಗಾಳಿ ಒದಗಿಸುವ ಭಾರವೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ಸುಗ್ಗಿಯ ಕಾಲದಲ್ಲಿ ಹೊಟ್ಟು, ದೂಳು ಮತ್ತು ಸತ್ತ ಹುಳಗಳು ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಮುಂದಿನ ಜಾಲರಿಯ ಮೂಲಕ ಒಂದೆರಡು ಚೊಂಬು ನೀರನ್ನು ಅದರ ಮೇಲೆ ಸುರಿದಾಗ ಒಳಗೆ ತಂಪು ತಟ್ಟನೆ ಹೆಚ್ಚಿದರೆ, ಶಾಖ ಹೊರಹೋಗದಿರುವುದೇ ದೋಷವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಸಣ್ಣ ಒತ್ತಡದ ನೀರಿನಿಂದ ತೊಳೆಯುವುದು, ಎ.ಸಿ. ಹಾಕಿದಾಗ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡುವುದು, ಇಷ್ಟಕ್ಕೆ ಒತ್ತಡ ಅಳೆಯುವ ಗೇಜ್ ಬೇಕಿಲ್ಲ. ತೀವ್ರ ಒತ್ತಡದ ನೀರನ್ನು ಹತ್ತಿರದಿಂದ ಹಾಯಿಸಿದರೆ ಮಾತ್ರ ರೆಕ್ಕೆಗಳು ಮಡಚಿ, ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಹೊರಟಾಗ ಚೆನ್ನಾಗಿದ್ದು ಅರ್ಧ ಗಂಟೆಯ ನಂತರ ಗಾಳಿಯ ರಭಸವೇ ಕುಗ್ಗಿದರೆ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿರುವ ಸಾಧ್ಯತೆ ಹೆಚ್ಚು. ಎ.ಸಿ. ನಿಲ್ಲಿಸಿ ಬ್ಲೋಯರ್ ಮಾತ್ರ ಓಡಿಸಿದಾಗ ಹತ್ತು ನಿಮಿಷದಲ್ಲಿ ಗಾಳಿ ಮರಳಿ, ಕಾರಿನಡಿ ನೀರು ಧಾರಾಳವಾಗಿ ಸುರಿದರೆ ಈ ಊಹೆ ದೃಢಪಡುತ್ತದೆ. ಕಾಯಿಲಿನ ಶೀತವನ್ನು ಅಳೆದು ಕಂಪ್ರೆಸರನ್ನು ತಡೆಯಬೇಕಾದ ಥರ್ಮೋಸ್ಟಾಟ್ ಆಗ ಪರೀಕ್ಷೆಗೆ ಅರ್ಹ. ಬ್ಲೋಯರ್ ಕೊನೆಯ ವೇಗದಲ್ಲಿ ಮಾತ್ರ ಓಡುತ್ತಿದ್ದರೆ ಸಾಮಾನ್ಯವಾಗಿ ಅದರ ರೆಸಿಸ್ಟರ್ ಸುಟ್ಟಿರುತ್ತದೆ. ಎ.ಸಿ. ಗುಂಡಿ ಒತ್ತಿದಾಗ ಕಂಪ್ರೆಸರಿನ ಪುಲ್ಲಿಯಲ್ಲಿ ‘ಟಕ್’ ಎಂಬ ಸದ್ದು ಕೇಳದೆ ಮುಂದಿನ ತಟ್ಟೆಯೂ ತಿರುಗದಿದ್ದರೆ ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್ ಮತ್ತು ಮ್ಯಾಗ್ನೆಟ್ ಕ್ಲಚ್‌ಗಳನ್ನು ಕ್ರಮವಾಗಿ ನೋಡಬೇಕು. ಸವೆದ ಕ್ಲಚ್ಚಿನ ಎರಡು ತಟ್ಟೆಗಳ ನಡುವಿನ ಅಂತರ ಹಿಗ್ಗಿರುವುದರಿಂದ, ತಣ್ಣಗಿರುವಾಗ ಹಿಡಿದು ಇಂಜಿನ್ ಕಾದಾಗ ಬಿಟ್ಟುಬಿಡುವುದುಂಟು. ಇಂತಹ ದೋಷವನ್ನು ಎಷ್ಟು ಗ್ಯಾಸ್ ತುಂಬಿದರೂ ಸರಿಪಡಿಸಲಾಗದು.

ಸೋರಿಕೆ ಇದ್ದದ್ದೇ ನಿಜವಾದರೆ ಅದು ಗುರುತು ಬಿಟ್ಟಿರುತ್ತದೆ. ಶೀತಕದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುವುದರಿಂದ ಸೋರುವ ಜೋಡಣೆಯ ಸುತ್ತ ಜಿಡ್ಡು ಕೂಡಿ ಅದರ ಮೇಲೆ ದೂಳು ಕಪ್ಪಾಗಿ ಅಂಟುತ್ತದೆ. ಅಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಓ-ರಿಂಗ್ ಬದಲಿಸಿ, ತೇವ ಹೀರುವ ಡ್ರೈಯರ್ ಹೊಸದಾಗಿ ಹಾಕಿ, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು ಒಳಗಿನ ಗಾಳಿಯನ್ನೂ ತೇವವನ್ನೂ ತೆಗೆದ ಮೇಲೆಯೇ ತುಂಬುವುದು ಸರಿಯಾದ ಕ್ರಮ. ಇಂಜಿನ್ ನಿಂತಾಗ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್-134ಎ ಸ್ವಲ್ಪವಿದ್ದರೂ ಹೆಚ್ಚಿದ್ದರೂ, ಒಳಗೆ ದ್ರವ ಉಳಿದಿರುವ ತನಕ, ಗೇಜ್ ಸುಮಾರು 97 ಪಿಎಸ್‌ಐ ತೋರುತ್ತದೆ. ಆದ್ದರಿಂದ ಬಾನೆಟ್ಟಿನಡಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ನಮೂದಿಸಿದ ಗ್ರಾಂ ಲೆಕ್ಕದಲ್ಲಿ ತೂಗಿ ತುಂಬುವುದೇ ನಂಬತಕ್ಕ ವಿಧಾನ.

ಬೇಲೂರಿನಿಂದಾಚೆಗೆ, ಸಕಲೇಶಪುರದ ಕಡೆಯ ಮಳೆಯಲ್ಲಿ ಎ.ಸಿ. ಇನ್ನೊಂದು ಕೆಲಸ ಮಾಡುತ್ತದೆ. ಪ್ರಯಾಣಿಕರ ಉಸಿರು, ನೆನೆದ ಬಟ್ಟೆಗಳ ತೇವದಿಂದ ಮಸುಕಾದ ಮುಂದಿನ ಗಾಜನ್ನು ಅದು ತಿಳಿಯಾಗಿಸಬಲ್ಲುದು, ಏಕೆಂದರೆ ಕೂಲಿಂಗ್ ಕಾಯಿಲು ಗಾಳಿಯ ತೇವವನ್ನು ನೀರಾಗಿಸಿ ಹೊರಗೆ ಸುರಿಸುತ್ತದೆ. ಅದರೊಂದಿಗೆ ಹೀಟರನ್ನೂ ಹಾಕಿ, ಒಳಗಾಳಿಯನ್ನೇ ಸುತ್ತಿಸುವ ಬದಲು ಹೊರಗಾಳಿ ತೆಗೆದುಕೊಂಡರೆ ಫಲ ಬೇಗ ಸಿಗುತ್ತದೆ. ಹೀಗೆ ಮಾಡಿಯೂ ಗಾಜು ಜಿಡ್ಡುಜಿಡ್ಡಾಗಿ ಮಸುಕಾಗಿ, ಒಳಗೆ ಸಿಹಿ ವಾಸನೆ ಬಂದರೆ ಹೀಟರಿನ ಕೋರಿನಿಂದ ಕೂಲೆಂಟ್ ಸೋರುತ್ತಿದೆ ಎಂದು ತಿಳಿಯಬೇಕು; ಅದರ ದುರಸ್ತಿಯನ್ನು ಮುಂದೂಡುವುದು ಇಂಜಿನ್ನಿಗೂ ಅಪಾಯ.

1990ರ ದಶಕದ ಮೊದಲರ್ಧದ ಹಿಂದಿನ ಕಾರುಗಳ ಸಂಗತಿ ಬೇರೆ. ಅವುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ತಿನ್ನುವ ಅನಿಲವಾದ್ದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು. 1992ರಲ್ಲಿ ಆ ಒಪ್ಪಂದಕ್ಕೆ ಸೇರಿದ ಭಾರತವು ಇಂತಹ ಅನಿಲಗಳ ಬಳಕೆಯನ್ನು 2010ರ ವೇಳೆಗೆ ನಿಲ್ಲಿಸಿತು. ಆ ಕಾರುಗಳಿಗೆ ಆರ್-134ಎ ಹಾಕಬೇಕಾದರೆ ಹಳೆಯ ಖನಿಜ ಎಣ್ಣೆಯನ್ನು ತೊಳೆದು ತೆಗೆಯಬೇಕು, ಹೊಸ ಶೀತಕಕ್ಕೆ ಹೊಂದುವ ಎಣ್ಣೆ, ಡ್ರೈಯರ್ ಮತ್ತು ಓ-ರಿಂಗುಗಳನ್ನು ಹಾಕಬೇಕು. ಈ ಆರ್-134ಎ ಕೂಡ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಭೂಮಿಯನ್ನು ಬಿಸಿ ಮಾಡುವಂಥದ್ದು. ಸೋರುವ ಪೈಪಿಗೆ ವರ್ಷವರ್ಷವೂ ತುಂಬುವ ಪದ್ಧತಿಯನ್ನು ಬಿಡಬೇಕೆನ್ನಲು ಇದೂ ಒಂದು ಬಲವಾದ ಕಾರಣ. ಅಗ್ಗಕ್ಕೆ ಸಿಗುವ, ಹೆಸರು ಸ್ಪಷ್ಟವಿಲ್ಲದ ಡಬ್ಬಿಗಳಲ್ಲಿ ಅಡುಗೆ ಅನಿಲದ ಬಗೆಯ ಉರಿಯುವ ಅನಿಲವಿದ್ದರೆ ಮತ್ತೊಂದು ಅಪಾಯವೂ ಸೇರುತ್ತದೆ: ಕೂಲಿಂಗ್ ಕಾಯಿಲು ಇರುವುದೇ ಪ್ರಯಾಣಿಕರು ಉಸಿರಾಡುವ ಗಾಳಿಯ ದಾರಿಯಲ್ಲಾದ್ದರಿಂದ ಅಲ್ಲಿ ಸೋರಿದ್ದು ನೇರವಾಗಿ ಕಾರಿನೊಳಕ್ಕೇ ಬರುತ್ತದೆ.