ಮದ್ಯಸಾರಗಳು: ತಯಾರಿಕೆ ಮತ್ತು ಗುಣಧರ್ಮಗಳು

ಮದ್ಯಸಾರ ಅಥವಾ ಆಲ್ಕೊಹಾಲ್ ಎಂದೊಡನೆ ಸಾಮಾನ್ಯರ ಮನಸ್ಸಿಗೆ ಬರುವುದು ಕುಡಿಯುವ ಪದಾರ್ಥವೊಂದೇ. ರಸಾಯನಶಾಸ್ತ್ರದಲ್ಲಾದರೋ ಅದು ಒಂದು ದೊಡ್ಡ ಕುಟುಂಬದ ಹೆಸರು. ಹೈಡ್ರೋಕಾರ್ಬನ್ನಿನ ಒಂದು ಜಲಜನಕ ಪರಮಾಣುವಿನ ಸ್ಥಾನದಲ್ಲಿ ಆಮ್ಲಜನಕ ಮತ್ತು ಜಲಜನಕಗಳು ಜೊತೆಗೂಡಿದ ಹೈಡ್ರಾಕ್ಸಿಲ್ ಗುಂಪು ಬಂದು ನೆಲೆಸಿದರೆ ಮದ್ಯಸಾರವಾಗುತ್ತದೆ. ಮೀಥೇನಿನಿಂದ ಮೆಥನಾಲ್, ಈಥೇನಿನಿಂದ ಎಥನಾಲ್. ಮೊದಲನೆಯದರ ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಎರಡನೆಯದರಲ್ಲಿ ಎರಡು. ಇಷ್ಟು ಸಣ್ಣ ಅಂತರವು ಎಷ್ಟು ದೊಡ್ಡ ಪರಿಣಾಮವನ್ನುಂಟುಮಾಡುವುದೆಂಬುದು ಇವುಗಳ ತಯಾರಿಕೆ ಮತ್ತು ಕ್ರಿಯೆಗಳನ್ನು ಕ್ರಮವಾಗಿ ನೋಡಿದರೆ ವಿಶದವಾಗುತ್ತದೆ.

ಮರದ ಮದ್ಯಸಾರ

ಮೆಥನಾಲಿಗೆ ಶಿವಮೊಗ್ಗ ಜಿಲ್ಲೆಯೊಡನೆ ಹಳೆಯ ನಂಟಿದೆ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ ಅದರ ಕುಲುಮೆಗೆ ಬಳಸಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು. ಗಾಳಿಯಾಡದ ಪಾತ್ರೆಯಲ್ಲಿ ಸೌದೆಯನ್ನು ಕಾಯಿಸುವ ಈ ವಿಧಾನಕ್ಕೆ ಶುಷ್ಕ ಆಸವನವೆಂದು ಹೆಸರು. ಆಗ ಹೊರಬರುವ ಆವಿಯನ್ನು ತಣಿಸಿದರೆ ಡಾಂಬರಿನಂಥ ಟಾರೂ ಹುಳಿಯಾದ ನೀರಿನಂಥ ದ್ರವವೂ ದೊರೆಯುತ್ತವೆ. ಆ ದ್ರವದಲ್ಲಿ ಅಸೆಟಿಕ್ ಆಮ್ಲ, ಅಸಿಟೋನ್ ಮತ್ತು ಮೆಥನಾಲ್ ಇರುತ್ತವೆ. ಸುಣ್ಣ ಬೆರೆಸಿದರೆ ಆಮ್ಲವು ಕ್ಯಾಲ್ಸಿಯಂ ಅಸಿಟೇಟ್ ಆಗಿ ಹಿಂದುಳಿಯುತ್ತದೆ. ಉಳಿದುದನ್ನು ಆಸವಿಸಿ ಮೆಥನಾಲನ್ನು ಬೇರ್ಪಡಿಸಬಹುದು. ಇದರಿಂದಲೇ ಇದಕ್ಕೆ ಮರದ ಮದ್ಯಸಾರವೆಂಬ ಹೆಸರು ಬಂದಿತು.

ಅದೇ 1923ರಲ್ಲಿ ಜರ್ಮನಿಯ ಲ್ಯೂನಾದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳನ್ನು ಅಧಿಕ ಒತ್ತಡದಲ್ಲಿ ಸಂಯೋಗಗೊಳಿಸಿ ಮೆಥನಾಲ್ ತಯಾರಿಸತೊಡಗಿತು. ಇಂದಿನ ಕಾರ್ಖಾನೆಗಳದೂ ಇದೇ ಮಾರ್ಗ. ತಾಮ್ರ ಮತ್ತು ಸತುವುಳ್ಳ ವೇಗವರ್ಧಕದಿಂದ ಒತ್ತಡ ಮಾತ್ರ ಬಹಳ ಕಡಿಮೆಯಾಗಿದೆ.

ಹುದುಗಿನಿಂದ ಎಥನಾಲ್

ಹೊಳೆಬಾಗಿಲಿನ ಸುತ್ತಣ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಿಗೆ ಜೋನಿಬೆಲ್ಲ ಚಿರಪರಿಚಿತ. ಪಾಕ ಎಳೆಯದಾಗಿ ನೀರಿನಂಶ ಉಳಿದರೆ ಮಳೆಗಾಲದಲ್ಲಿ ಅದು ನೊರೆಯೆದ್ದು ಹುಳಿ ವಾಸನೆ ಹಿಡಿಯುವುದುಂಟು. ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸವಿದು. ಅದರ ಇನ್ವರ್ಟೇಸ್ ಕಿಣ್ವವು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಜೈಮೇಸ್ ಇವನ್ನು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ನೊರೆಗೆ ಕಾರಣ ಈ ಅನಿಲವೇ. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಎಥನಾಲ್ ತಯಾರಿಸುವುದೂ ಇದೇ ತತ್ತ್ವದಿಂದ. ಹುದುಗಿದ ದ್ರವವನ್ನು ಆಂಶಿಕ ಆಸವನಕ್ಕೆ ಒಳಪಡಿಸಿದರೆ ಶೇಕಡ 95ರಷ್ಟು ಶುದ್ಧವಾದ ಸ್ಪಿರಿಟ್ ಸಿಗುತ್ತದೆ. ಮಿಕ್ಕ ನೀರು ಅದರೊಡನೆಯೇ ಕುದಿಯುವುದರಿಂದ, ಸುಟ್ಟ ಸುಣ್ಣದಂಥ ನೀರೀಂಟುವ ವಸ್ತುವನ್ನು ಬಳಸಿ ಅದನ್ನು ತೆಗೆಯಬೇಕು.

ಮುಖ್ಯ ಕ್ರಿಯೆಗಳು

ಹೈಡ್ರಾಕ್ಸಿಲ್ ಗುಂಪೇ ಮದ್ಯಸಾರಗಳ ಕ್ರಿಯಾಶೀಲ ಅಂಗ. ಸೋಡಿಯಂ ಲೋಹವನ್ನು ಎಥನಾಲಿಗೆ ಹಾಕಿದರೆ ಜಲಜನಕ ಹೊರಬಂದು ಸೋಡಿಯಂ ಎಥಾಕ್ಸೈಡ್ ಆಗುತ್ತದೆ. ಗಂಧಕಾಮ್ಲದ ಸಮ್ಮುಖದಲ್ಲಿ ಅಸೆಟಿಕ್ ಆಮ್ಲದೊಡನೆ ಕಾಯಿಸಿದರೆ ಹಣ್ಣಿನ ಕಂಪುಳ್ಳ ಈಥೈಲ್ ಅಸಿಟೇಟ್ ಎಂಬ ಎಸ್ಟರ್ ದೊರೆಯುತ್ತದೆ. ಪ್ರಬಲ ಗಂಧಕಾಮ್ಲದೊಡನೆ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈಥರ್, 170 ಡಿಗ್ರಿಯಲ್ಲಿ ಎಥಿಲೀನ್ ಉಂಟಾಗುತ್ತವೆ. ಒಂದೇ ಸಾಮಗ್ರಿ, ಉಷ್ಣತೆ ಬೇರೆ, ಫಲವೂ ಬೇರೆ.

ಇವೆಲ್ಲಕ್ಕಿಂತ ಗಮನಾರ್ಹವಾದುದು ಉತ್ಕರ್ಷಣ. ಆಮ್ಲಯುಕ್ತ ಪೊಟ್ಯಾಸಿಯಂ ಡೈಕ್ರೋಮೇಟಿನ ಕಿತ್ತಳೆ ಬಣ್ಣವನ್ನು ಹಸಿರಾಗಿಸುತ್ತ ಎಥನಾಲ್ ಮೊದಲು ಅಸಿಟಾಲ್ಡಿಹೈಡ್, ಬಳಿಕ ಅಸೆಟಿಕ್ ಆಮ್ಲವಾಗುತ್ತದೆ. ಮೆಥನಾಲಾದರೆ ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲ. ಚಗಳಿ ಇರುವೆಯ ಹುಳಿಗೂ ಉರಿಗೂ ಕಾರಣವಾದ ಆಮ್ಲವೇ ಇದು.

ದೇಹದೊಳಗಿನ ಉತ್ಕರ್ಷಣ

ಪ್ರಯೋಗಶಾಲೆಯ ಈ ಪಾಠ ಮನುಷ್ಯನ ಯಕೃತ್ತಿನಲ್ಲಿಯೂ ನಡೆಯುತ್ತದೆ. ಅಲ್ಲಿಯ ಕಿಣ್ವವು ಮೆಥನಾಲ್ ಮತ್ತು ಎಥನಾಲ್ ಎರಡನ್ನೂ ಉತ್ಕರ್ಷಿಸುತ್ತದೆ. ಎಥನಾಲಿನಿಂದಾದ ಅಸೆಟಿಕ್ ಆಮ್ಲವನ್ನು ದೇಹವು ಬೇಗನೆ ದಹಿಸಬಲ್ಲುದು. ಫಾರ್ಮಿಕ್ ಆಮ್ಲವನ್ನು ಹಾಗೆ ಕಳೆಯಲಾರದು. ಅದು ಸಂಗ್ರಹವಾಗಿ ರಕ್ತದ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ, ಕಣ್ಣಿನ ನರವನ್ನು ಕೆಡಿಸುತ್ತದೆ. ಕುಡಿದ ಹಲವು ಗಂಟೆಗಳ ತನಕ ವಿಷದ ಲಕ್ಷಣಗಳು ಕಾಣದಿರಬಹುದು. ದೃಷ್ಟಿ ಮಂಜಾಗುವ ವೇಳೆಗೆ ಅಮೂಲ್ಯವಾದ ಸಮಯ ಕಳೆದಿರುತ್ತದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಅವರಲ್ಲಿ ಬಹುಪಾಲು ಬಡವರು.

ಇವೆರಡನ್ನೂ ಬಣ್ಣದಿಂದ ಗುರುತಿಸಲಾಗದು. ವಾಸನೆ, ರುಚಿಗಳನ್ನೂ ನೆಚ್ಚುವಂತಿಲ್ಲ. ಶಾಲೆಯಲ್ಲಿ ಕಲಿಸುವ ಅಯೋಡೋಫಾರಂ ಪರೀಕ್ಷೆಯಲ್ಲಿ ಎಥನಾಲ್ ಹಳದಿ ಒತ್ತರವನ್ನು ಕೊಡುತ್ತದೆ, ಮೆಥನಾಲ್ ಕೊಡುವುದಿಲ್ಲ. ಆದರೆ ಕಲಬೆರಕೆಯಲ್ಲಿ ಎಥನಾಲೂ ಇರುವುದರಿಂದ ಹಳದಿ ಬಂದೇ ಬರುತ್ತದೆ. ಅಷ್ಟರಿಂದಲೇ ಅದರಲ್ಲಿ ವಿಷವಿಲ್ಲವೆಂದು ಹೇಳುವಂತಿಲ್ಲ. ಪರೀಕ್ಷೆಯೊಂದು ಏನನ್ನು ತೋರಿಸುವುದೆಂಬಷ್ಟೇ ಏನನ್ನು ತೋರಿಸದೆಂಬುದನ್ನೂ ವಿದ್ಯಾರ್ಥಿ ಅರಿತಿರಬೇಕು. ಶಂಕೆ ಬಂದಲ್ಲಿ ಲಕ್ಷಣಗಳಿಗೆ ಕಾಯದೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೇ ಕರ್ತವ್ಯ.

ಎಥನಾಲ್ ಇಂದು ಔಷಧಗಳಿಗೆ ದ್ರಾವಕ, ಕ್ರಿಮಿನಾಶಕ, ಪೆಟ್ರೋಲಿನೊಡನೆ ಇಂಧನ. ಮೆಥನಾಲ್ ಅಂಟು, ಬಣ್ಣ, ಪ್ಲಾಸ್ಟಿಕ್ ಉದ್ಯಮಗಳಿಗೆ ಮೂಲವಸ್ತು. ಲೋಕೋಪಯೋಗಿಯಾದ ಇದೇ ಪದಾರ್ಥ ಲೋಭಿಯ ಕೈಯಲ್ಲಿ ಮೃತ್ಯುವಾಗುತ್ತದೆ. ಅರಿವು ಆಚಾರಗಳು ಒಂದಾಗಬೇಕೆಂಬುದು ಶರಣರ ನಿಲುವು. ರಸಾಯನಶಾಸ್ತ್ರದ ಅಭ್ಯಾಸಕ್ಕೂ ಅದು ಚೆನ್ನಾಗಿ ಒಪ್ಪುವ ಮಾತು.