ಸುಮನಹಳ್ಳಿ ಎಂಬ ಹೆಸರಿನ ಹಿಂದೆ

ಉಲ್ಲಾಳದಿಂದ ನಾಗರಬಾವಿಯ ಮೂಲಕ ಹೊರ ವರ್ತುಲ ರಸ್ತೆಗೆ ಬಂದು ಉತ್ತರಕ್ಕೆ ಸಾಗಿದರೆ, ಮಾಗಡಿ ರಸ್ತೆ ಕೂಡುವಲ್ಲಿ ಸುಮನಹಳ್ಳಿ ಸಿಗುತ್ತದೆ. ಮೇಲ್ಸೇತುವೆಯ ದೆಸೆಯಿಂದ ಈ ಹೆಸರು ಎಲ್ಲರಿಗೂ ಪರಿಚಿತ. ಆದರೆ ಇದು ಹಳೆಯ ಹಳ್ಳಿಯ ಹೆಸರಲ್ಲ. 1970ರ ದಶಕದ ಕೊನೆಯಲ್ಲಿ, ಸರ್ಕಾರದ ಕೋರಿಕೆಯಂತೆ, ಬೆಂಗಳೂರಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯವು ಕುಷ್ಠಪೀಡಿತರಿಗಾಗಿ ಆರಂಭಿಸಿದ ಪುನರ್ವಸತಿ ಕೇಂದ್ರದ ಹೆಸರು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂದು ಅರ್ಥ. ಊರು ಹತ್ತಿರ ಸೇರಿಸದವರ ನೆಲೆಯೇ ಇಂದು ಬಸ್ಸಿನ ಬೋರ್ಡಿನ ಮೇಲಿದೆ!

ಕುಷ್ಠ ಶಾಪದಿಂದ ಬರುವುದಲ್ಲ. ಅದಕ್ಕೆ ಕಾರಣವಾದ ರೋಗಾಣುವನ್ನು 1873ರಲ್ಲೇ ನಾರ್ವೆಯ ವೈದ್ಯ ಹ್ಯಾನ್ಸನ್ ಪತ್ತೆಹಚ್ಚಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಆರು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ರೋಗ ವಾಸಿಯಾಗುತ್ತದೆ.

ಕಷ್ಟವಿರುವುದು ಆಮೇಲೆ. ಚಿಕಿತ್ಸೆಗೆ ತಡವಾಗಿ ಬಂದವರಲ್ಲಿ ನರಗಳಿಗಾದ ಹಾನಿ ಉಳಿದುಬಿಡುತ್ತದೆ. ಬೆರಳುಗಳು ರೋಗದಿಂದ ತಾವಾಗಿಯೇ ಉದುರುತ್ತವೆ ಎಂದು ನಮ್ಮಲ್ಲಿ ಅನೇಕರು ಈಗಲೂ ನಂಬಿದ್ದಾರೆ. ವಾಸ್ತವ ಬೇರೆ. ಬಿಸಿ ಪಾತ್ರೆ ಸುಟ್ಟರೂ, ಚಪ್ಪಲಿಯ ಮೊಳೆ ಚುಚ್ಚಿದರೂ ನೋವು ತಿಳಿಯದು. ಗಾಯ ಮಾಗದೆ ಕೊಳೆಯುತ್ತ ಹೋಗುತ್ತದೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಮಡಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸತೊಡಗಿದ ಡಾ. ಪಾಲ್ ಬ್ರಾಂಡ್ ಇದನ್ನು ಗಮನಿಸಿದರು. ಇನ್ನೂ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು: ಸ್ಪರ್ಶ ಕಳೆದುಕೊಂಡವರಿಗೆ ಕೈಕಾಲುಗಳು ತಮ್ಮವೆಂದೇ ಅನ್ನಿಸುವುದಿಲ್ಲ, ಯಾವುದೋ ಉಪಕರಣಗಳಂತೆ ತೋರುತ್ತವೆ.

ಹಾಗಾಗಿ ಇಲ್ಲಿ ಚೇತರಿಕೆ ಎಂದರೆ ದಿನನಿತ್ಯದ ಅಭ್ಯಾಸ. ದಿನವೂ ಕೂತು ಪಾದವನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಚರ್ಮ ಹೇಳಬೇಕಾದುದನ್ನು ಕಣ್ಣು ಹೇಳಬೇಕು. ಹೀಗೆ ನೋಡಲು ಮೊದಲು ಮನಸ್ಸೇ ಒಪ್ಪುವುದಿಲ್ಲ. ಬಚ್ಚಿಟ್ಟುಕೊಂಡೇ ರೂಢಿಯಾದ ಕೈ ಅದು. ಅದನ್ನು ಮತ್ತೆ ನನ್ನದು ಎಂದುಕೊಳ್ಳಲು ಸಮಯ ಬೇಕು.

ಸಂಪಾದನೆಯದು ಇನ್ನೊಂದು ಮಾತು. ಬ್ರಾಂಡ್ ಅವರ ರೋಗಿಗಳಲ್ಲಿ ಕೆಲವರು, ಬೆರಳು ನೆಟ್ಟಗಾದ ಮೇಲೆ ಭಿಕ್ಷೆ ಹುಟ್ಟುತ್ತಿಲ್ಲವೆಂದು ಮರಳಿ ಬಂದರಂತೆ. ಅವರು ಅಂಥವರಿಗೆ ಕಸುಬು ಕಲಿಸಲು ಹೊರಟರು. ಸುಮನಹಳ್ಳಿಯಲ್ಲೂ ಚಿಕಿತ್ಸೆಯ ಜೊತೆಗೆ ಹೊಲಿಗೆ, ಚರ್ಮದ ವಸ್ತುಗಳ ತಯಾರಿಕೆ ಸೇರಿದ್ದು ಈ ಕಾರಣಕ್ಕೇ.

ಮನೆಗೆ ಮರಳುವುದು ಮಾತ್ರ ಅವರೊಬ್ಬರ ಕೈಯಲ್ಲಿಲ್ಲ. ವಿವಾಹ ವಿಚ್ಛೇದನಕ್ಕೆ ಕುಷ್ಠವನ್ನೂ ಒಂದು ಕಾರಣವಾಗಿ ಇಟ್ಟುಕೊಂಡಿದ್ದ ನಾಲ್ಕು ಕಾಯ್ದೆಗಳಿಂದ ಸಂಸತ್ತು ಆ ಮಾತನ್ನು ತೆಗೆದುಹಾಕಿದ್ದು 2019ರಲ್ಲಿ. ಅಂದರೆ ಮದ್ದು ಬಂದು 38 ವರ್ಷಗಳಾದ ಮೇಲೆ.